ಲಾರಿಯ ಹೊಗೆಗೆ, ಸದ್ದಿಗೆ ಟೋಲ್ ಹಾಕೋದು ನ್ಯಾಯವಾ? ಕೊನೆಗೆ ದುಡ್ಡು ಕಟ್ಟೋದು ಯಾರು?

ಕಿಟಕಿ_ಪಕ್ಕದವಳು

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನಮ್ಮ ಮನೆ ಹೆದ್ದಾರಿಗೆ ತೀರಾ ಹತ್ತಿರ. ಮಹಡಿ ಕೋಣೆಯ ಕಿಟಕಿಯಲ್ಲಿ ನಿಂತರೆ ಲಾರಿಯ ಟಾರ್ಪಾಲು ಕಣ್ಣಿನ ಎತ್ತರಕ್ಕೇ ಹಾದುಹೋಗುತ್ತದೆ. ಬೆಳಿಗ್ಗೆ ಕಿಟಕಿ ಕಟ್ಟೆ ಒರೆಸಿದರೆ ಸಂಜೆಗೆ ಮತ್ತೆ ಕಪ್ಪು. ಮಣ್ಣಿನ ಧೂಳಾದರೆ ಒದ್ದೆ ಬಟ್ಟೆಗೆ ಬಂದುಬಿಡುತ್ತದೆ ಅಲ್ವಾ. ಇದು ಹಾಗಲ್ಲ. ಜಿಡ್ಡು ಜಿಡ್ಡಾದ ಮಸಿ, ಒರೆಸಿದಷ್ಟೂ ಹರಡುತ್ತದೆ, ಸೋಪು ಹಾಕಿ ತಿಕ್ಕಲೇಬೇಕು. ರಾತ್ರಿ ಎರಡು ಗಂಟೆಗೆ ಲೋಡು ತುಂಬಿದ ಲಾರಿ ಸೇತುವೆಯ ಜಾಯಿಂಟ್ ಮೇಲೆ ಹಾದರೆ ಮಂಚದ ಪಕ್ಕದ ಲೋಟದಲ್ಲಿ ನೀರು ನಡುಗುತ್ತದೆ. ಅಮ್ಮನಿಗೆ ಉಬ್ಬಸ. ಡಾಕ್ಟರು ಮನೆ ಬದಲಾಯಿಸಿ ಅನ್ನುತ್ತಾರೆ. ಅದು ಅಷ್ಟು ಸುಲಭದ ಮಾತಾ?

ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆ ಲಾರಿಗಳಿಗೆ ರಸ್ತೆ ಸವೆತಕ್ಕೆ ಮಾತ್ರ ಅಲ್ಲ, ಹೊಗೆಗೆ, ಸದ್ದಿಗೆ, ಇಂಗಾಲಕ್ಕೂ ಸೇರಿಸಿ ಕಿಲೋಮೀಟರ್ ಲೆಕ್ಕದಲ್ಲಿ ಟೋಲ್ ಹಾಕುತ್ತಾರೆ ಅಂತ ಓದಿದೆ. ಓದಿದ ತಕ್ಷಣ ಅನ್ನಿಸಿದ್ದು, ಸರಿಯಾಗಿದೆ, ಎಲ್ಲ ಕಡೆ ಇದೇ ಬರಬೇಕು ಅಂತ. ಅಮ್ಮನ ಔಷಧಿ ಖರ್ಚು ಸಾಮಾನು ಸಾಗಿಸುವವರ ಯಾವ ಬಿಲ್ಲಿನಲ್ಲೂ ಇಲ್ಲ. ಅದನ್ನು ನಾವೇ ಕಟ್ಟುತ್ತಿದ್ದೇವೆ.

ಆದರೆ ನನ್ನ ಚಿಕ್ಕಪ್ಪ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಅವರ ಕಷ್ಟ ಕಣ್ಣಾರೆ ಕಂಡಿದ್ದೇನೆ. ಹೊಸ ಟೋಲ್ ಅಂದರೆ ಏಟು ಬೀಳುವುದು ಅವರಂಥವರಿಗೇ ಇರಬೇಕು ಅನ್ನುವ ಅಳುಕೂ ಇದೆ. ಅದಕ್ಕೇ ಕೇಳುತ್ತಿದ್ದೇನೆ. ಇಂಥ ಟೋಲ್‌ನಿಂದ ನಿಜವಾಗಿ ಹೊಗೆ ಕಡಿಮೆ ಆಗುತ್ತದಾ? ದುಡ್ಡು ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ? ಗೊತ್ತಿರುವವರು ಬಿಡಿಸಿ ಹೇಳಿ.

ಎರಡು_ಲಾರಿ

ಅಕ್ಕಾ, ನಿಮ್ಮ ಅಮ್ಮನ ವಿಷಯ ಓದಿ ಬೇಜಾರಾಯಿತು. ಆದರೂ ನಮ್ಮ ಕಡೆಯ ಮಾತನ್ನೂ ಹೇಳಲೇಬೇಕು.

ನನ್ನ ಹತ್ತಿರ ಎರಡು ಲಾರಿ ಇವೆ. ಎರಡೂ ಸೆಕೆಂಡ್ ಹ್ಯಾಂಡ್. ಹಳೇ ಗಾಡಿಯನ್ನು ಯಾರೂ ಇಷ್ಟಪಟ್ಟು ತಗೊಳ್ಳುವುದಿಲ್ಲ, ಹೊಸದಕ್ಕೆ ದುಡ್ಡಿಲ್ಲ ಅಂತ ತಗೊಳ್ಳುತ್ತೇವೆ. ಹೊಗೆ ಜಾಸ್ತಿ ಬಿಡುವ ಗಾಡಿಗೆ ಟೋಲ್ ಜಾಸ್ತಿ ಅಂದರೆ, ನೂರಾರು ಗಾಡಿ ಇರುವ ದೊಡ್ಡ ಕಂಪನಿ ನಾಳೆಯೇ ಹೊಸ ಗಾಡಿ ತಂದು ಕಡಿಮೆ ಕಟ್ಟುತ್ತದೆ, ಕಂತು ತೀರದ ನಾನು ಜಾಸ್ತಿ ಕಟ್ಟುತ್ತೇನೆ. ಇದು ಯಾವ ನ್ಯಾಯ?

ಇನ್ನೊಂದು. ಡೀಸೆಲ್ ಮೇಲೆ ಆಗಲೇ ತೆರಿಗೆ ಕಟ್ಟುತ್ತಿದ್ದೇವೆ. ಜಾಸ್ತಿ ಸುಟ್ಟವನು ಜಾಸ್ತಿ ಕಟ್ಟಿಯೇ ಕಟ್ಟುತ್ತಾನೆ. ಅದರ ಮೇಲೆ ಮತ್ತೊಂದು ಯಾಕೆ?

ಬಾಡಿಗೆ ಯಾರು ನಿಗದಿ ಮಾಡುತ್ತಾರೆ ಅನ್ನುವುದನ್ನೂ ನೋಡಿ. ನಾನಲ್ಲ. ಲೋಡು ಕೊಡುವವನು, ಮಧ್ಯದ ಬ್ರೋಕರ್. ಕಳೆದ ವಾರ ಒಂದು ಗೋಡೌನ್ ಗೇಟಿನ ಮುಂದೆ ನನ್ನ ಗಾಡಿ ಹತ್ತೊಂಬತ್ತು ಗಂಟೆ ನಿಂತಿತ್ತು. ಅದಕ್ಕೆ ಒಂದು ಪೈಸೆ ಕೊಡಲಿಲ್ಲ. ವಾಪಸ್ ಬರುವಾಗ ಲೋಡು ಸಿಗಲಿಲ್ಲ, ಖಾಲಿ ಬಂದೆ. ಆ ಖಾಲಿ ಓಡಾಟದ ಹೊಗೆಗೂ ನಾನೇ ಕಟ್ಟಬೇಕಾ? ಯಾವ ರಸ್ತೆ, ಯಾವ ಹೊತ್ತು, ಎಷ್ಟು ಟನ್, ಎಲ್ಲ ತೀರ್ಮಾನ ಮಾಡುವುದು ಬೇರೆಯವರು. ದಂಡ ಮಾತ್ರ ನಮ್ಮ ಹೆಸರಿಗೆ.

ಲೆಕ್ಕದ_ಪುಸ್ತಕ

ಇಬ್ಬರ ಮಾತಿನಲ್ಲೂ ನಿಜ ಇದೆ. ನಾನು ಸರಕು ಸಾಗಣೆ ವೆಚ್ಚದ ಲೆಕ್ಕ ನೋಡುವ ಕೆಲಸ ಮಾಡುತ್ತೇನೆ, ಅದರಿಂದ ಗೊತ್ತಿರುವುದನ್ನು ಬರೆಯುತ್ತೇನೆ.

ಮೊದಲು ಇದರ ಹಿಂದಿನ ಯೋಚನೆ. ಒಬ್ಬ ಮಾಡುವ ಕೆಲಸದ ಖರ್ಚು ಬೇರೆ ಯಾರದೋ ತಲೆ ಮೇಲೆ ಬೀಳುತ್ತಿದ್ದರೆ, ಅಷ್ಟೇ ಮೊತ್ತದ ತೆರಿಗೆ ಹಾಕಿ ಆ ಖರ್ಚನ್ನು ಬೆಲೆಯೊಳಗೆ ತರಬೇಕು ಅಂತ ಆರ್ಥರ್ ಪಿಗು ಅನ್ನುವ ಅರ್ಥಶಾಸ್ತ್ರಜ್ಞ 1920ರಲ್ಲೇ ಹೇಳಿದ್ದರು. ಕಿಟಕಿ ಕಟ್ಟೆಯ ಮಸಿ, ಉಬ್ಬಸದ ಔಷಧಿ, ಕೆಟ್ಟ ನಿದ್ದೆ, ಇವೆಲ್ಲ ಅಂಥ ಖರ್ಚುಗಳೇ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿತು. ಆದ್ದರಿಂದ ಇದು ಸುಮ್ನೆ ಧೂಳಿನ ದೂರು ಅಲ್ಲವೇ ಅಲ್ಲ.

ಡೀಸೆಲ್ ತೆರಿಗೆ ಸಾಲದಾ ಅಂತ ಎರಡು_ಲಾರಿ ಅವರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಇಂಗಾಲದ ಮಟ್ಟಿಗೆ ಡೀಸೆಲ್ ತೆರಿಗೆ ಸರಿಯಾದ ಅಳತೆ, ಯಾಕಂದರೆ ಸುಟ್ಟಷ್ಟೇ ಇಂಗಾಲ ಬರುವುದು. ಮಸಿ, ಸದ್ದಿನ ವಿಷಯಕ್ಕೆ ಬಂದರೆ ಅದು ಕೈ ಕೊಡುತ್ತದೆ. ಹತ್ತು ಲೀಟರ್ ಡೀಸೆಲ್ಲನ್ನು ಫಿಲ್ಟರ್ ಇರುವ ಹೊಸ ಎಂಜಿನ್ ಸುಟ್ಟರೆ ಒಂದು ಥರ, ಹಳೇ ಎಂಜಿನ್ ಸುಟ್ಟರೆ ಇನ್ನೊಂದು ಥರ. ಬಯಲಲ್ಲಿ ಸುಟ್ಟರೆ ಬೇರೆ, ಮನೆಗಳ ಮಧ್ಯೆ ರಾತ್ರಿ ಎರಡು ಗಂಟೆಗೆ ಸುಟ್ಟರೆ ಬೇರೆ. ಬಂಕಿನಲ್ಲಿ ಪೈಪು ಹಿಡಿದವನಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. ಅಲ್ಲದೆ ದೊಡ್ಡ ಲಾರಿ ಎರಡು ಟ್ಯಾಂಕ್ ತುಂಬಿಸಿಕೊಂಡರೆ ಒಂದು ಸಣ್ಣ ದೇಶವನ್ನು ಅಲ್ಲಿ ಒಂದು ಹನಿ ಹಾಕಿಸದೆ ದಾಟಿಬಿಡುತ್ತದೆ. ರಸ್ತೆ ಅವರದು, ಗಾಳಿ ಅವರದು, ತೆರಿಗೆ ಮಾತ್ರ ಪಕ್ಕದ ದೇಶಕ್ಕೆ. ಯೂರೋಪಿನಲ್ಲಿ ಕಿಲೋಮೀಟರ್ ಟೋಲ್ ಇಷ್ಟು ಹರಡಲು ಇದೂ ಒಂದು ಕಾರಣ.

ಸ್ವಿಟ್ಜರ್ಲೆಂಡ್‌ನದು ಬಹಳ ಸ್ಪಷ್ಟವಾದ ಉದಾಹರಣೆ. 1998ರಲ್ಲಿ ಜನಮತ ತೆಗೆದುಕೊಂಡರು, ನೂರಕ್ಕೆ 57 ಜನ ಒಪ್ಪಿದರು, 2001ರಿಂದ ಜಾರಿ. ಮೂರೂವರೆ ಟನ್‌ಗಿಂತ ಭಾರದ ಸರಕು ಗಾಡಿಗಳಿಗೆ ಭಾರ, ಓಡಿದ ಕಿಲೋಮೀಟರ್, ಎಂಜಿನ್‌ನ ಹೊಗೆ ವರ್ಗ, ಈ ಮೂರನ್ನೂ ಸೇರಿಸಿ ದರ. ಹೆದ್ದಾರಿ ಮಾತ್ರ ಅಲ್ಲ, ದೇಶದ ಎಲ್ಲ ರಸ್ತೆಗೂ. ಬಂದ ಹಣದಲ್ಲಿ ಮೂರನೇ ಒಂದು ಪಾಲು ಪ್ರಾಂತ್ಯಗಳಿಗೆ, ಉಳಿದದ್ದು ಕೇಂದ್ರಕ್ಕೆ. ಆ ಕೇಂದ್ರದ ಪಾಲಿನ ಬಹುಭಾಗ ಆಲ್ಪ್ಸ್ ಕೆಳಗೆ ರೈಲು ಸುರಂಗ ಕೊರೆಯುವಂಥ ಕೆಲಸಗಳಿಗೆ ಹೋಯಿತು. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೊಥಾರ್ಡ್ ಸುರಂಗಕ್ಕೆ ಲಾರಿಗಳ ದುಡ್ಡೂ ಸೇರಿದೆ.

ಫಲ? 2000ರಲ್ಲಿ ಸ್ವಿಸ್ ಆಲ್ಪ್ಸ್ ದಾಟುತ್ತಿದ್ದ ಲಾರಿಗಳು ವರ್ಷಕ್ಕೆ ಸುಮಾರು 14 ಲಕ್ಷ. ಈಗ 10 ಲಕ್ಷಕ್ಕಿಂತ ಕಡಿಮೆ. ಆದರೆ ಪೂರ್ತಿ ಟೋಲ್‌ನಿಂದಲೇ ಆಯಿತು ಅಂದರೆ ತಪ್ಪಾಗುತ್ತದೆ. ಅದೇ ಹೊತ್ತಿಗೆ ಲಾರಿಯ ಭಾರದ ಮಿತಿಯನ್ನು 28 ಟನ್‌ನಿಂದ 34ಕ್ಕೆ, 2005ರಲ್ಲಿ 40ಕ್ಕೆ ಏರಿಸಿದರು. ಒಂದೊಂದು ಗಾಡಿಯಲ್ಲಿ ಜಾಸ್ತಿ ಸಾಮಾನು ಹಿಡಿದಿದ್ದರಿಂದಲೂ ಗಾಡಿಗಳ ಸಂಖ್ಯೆ ಇಳಿಯಿತು, ರೈಲು ಸುಧಾರಿಸಿದ್ದರಿಂದಲೂ ಇಳಿಯಿತು. ಅವರು ಕಾನೂನಿನಲ್ಲಿ ಬರೆದುಕೊಂಡ ಗುರಿ 6.5 ಲಕ್ಷ. ಅದನ್ನು ಇನ್ನೂ ಮುಟ್ಟಿಲ್ಲ.

ಇನ್ನು ಜರ್ಮನಿ. 2005ರಲ್ಲಿ ಶುರುವಾದಾಗ ಅದು ಬರೀ ರಸ್ತೆ ಖರ್ಚಿನ ಟೋಲ್. ಆಗಿನ ಯೂರೋಪ್ ಒಕ್ಕೂಟದ ನಿಯಮ ಹೊರಗಿನ ಹಾನಿಯನ್ನು ಟೋಲ್‌ಗೆ ಸೇರಿಸಲು ಬಿಡುತ್ತಿರಲಿಲ್ಲ. 2011ರಲ್ಲಿ ನಿಯಮ ಬದಲಾಗಿ ಗಾಳಿ, ಸದ್ದು ಎರಡನ್ನೂ ಸೇರಿಸಬಹುದು ಅಂತಾಯಿತು. ಜರ್ಮನಿ 2015ರಲ್ಲಿ ಗಾಳಿಯನ್ನು, 2019ರಲ್ಲಿ ಸದ್ದನ್ನು, 2023ರ ಡಿಸೆಂಬರ್ 1ರಿಂದ ಇಂಗಾಲವನ್ನೂ ಸೇರಿಸಿತು. ಇಂಗಾಲದ ಡೈಆಕ್ಸೈಡ್‌ಗೆ ಟನ್‌ಗೆ 200 ಯೂರೋ ಅಂತ ಹಿಡಿದರು. ಲೆಕ್ಕ ನೋಡಿ. ದೊಡ್ಡ ಲಾರಿ 100 ಕಿಲೋಮೀಟರಿಗೆ ಸುಮಾರು 30 ಲೀಟರ್ ಕುಡಿಯುತ್ತದೆ, ಲೀಟರ್ ಡೀಸೆಲ್ ಸುಟ್ಟರೆ 2.6 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಕಿಲೋಮೀಟರಿಗೆ ಮುಕ್ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ. 200 ಯೂರೋ ದರದಲ್ಲಿ ಅದು ಕಿಲೋಮೀಟರಿಗೆ 16 ಸೆಂಟ್ (ಸೆಂಟ್ ಅಂದರೆ ಯೂರೋದ ನೂರನೇ ಒಂದು ಪಾಲು) ಹತ್ತಿರ ಬರುತ್ತದೆ. ಹಾಗೇ ಆಯಿತು. ಐದು ಆಕ್ಸಲ್‌ನ (ಚಕ್ರಗಳ ಅಚ್ಚು), ಯೂರೋ 6 ಎಂಜಿನ್‌ನ (ಇದು ದುಡ್ಡಲ್ಲ, ಯೂರೋಪಿನ ಹೊಗೆ ಮಿತಿಯ ವರ್ಗ; ಅಂಕಿ ದೊಡ್ಡದಾದಷ್ಟೂ ಹೊಗೆ ಕಡಿಮೆ) ಲಾರಿಗೆ ದರ 19 ಸೆಂಟ್‌ನಿಂದ 34.8 ಸೆಂಟ್‌ಗೆ ಹಾರಿತು.

ಈಗ ಯಾರ ಜೇಬು ಅನ್ನುವ ಪ್ರಶ್ನೆ. ಈ ಏರಿಕೆ 15.8 ಸೆಂಟ್. 500 ಕಿಲೋಮೀಟರ್ ಓಡಿದರೆ 79 ಯೂರೋ. ಗಾಡಿಯಲ್ಲಿ 20 ಟನ್ ಸಾಮಾನಿದ್ದರೆ ಕಿಲೋಗೆ ಅರ್ಧ ಸೆಂಟೂ ಬೀಳುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ಅದೇ 79 ಯೂರೋ ಲಾರಿ ಮಾಲೀಕನ ಮೇಲೇ ನಿಂತುಬಿಟ್ಟರೆ ಆ ಟ್ರಿಪ್ಪಿನ ಲಾಭ ಪೂರ್ತಿ ಹೋಗಬಹುದು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಟೋಲ್ ಇರಲಿ, ಆದರೆ ಅದು ಮಾಲೀಕನ ಹತ್ತಿರ ನಿಲ್ಲದೆ ಸಾಮಾನು ಕಳಿಸುವವನ ತನಕ ಹೋಗಬೇಕು. ಹೋಗದಿದ್ದರೆ ಹೊಗೆ ಕಡಿಮೆ ಮಾಡುವ ಶಕ್ತಿ ಇರುವವನಿಗೆ ಬಿಸಿಯೇ ತಟ್ಟುವುದಿಲ್ಲ.

ಎರಡು_ಲಾರಿ

ಸಾರ್, ಆ ಕೊನೆಯ ಮಾತಿಗೆ ನನ್ನ ಸಹಿ ಇದೆ. ಕಿಲೋಗೆ ಅರ್ಧ ಸೆಂಟ್ ಕೂಡ ಇಲ್ಲದ್ದನ್ನು ಕೊಡಲು ಲೋಡು ಕೊಡುವವನಿಗೆ ಕಷ್ಟ ಇಲ್ಲ. ಕೊಡುವುದಿಲ್ಲ ಅಷ್ಟೇ. "ಈ ರೇಟಿಗೆ ಆಗದಿದ್ದರೆ ಬಿಡು, ಹಿಂದೆ ಇನ್ನೂ ನಾಲ್ಕು ಗಾಡಿ ನಿಂತಿವೆ" ಅನ್ನುತ್ತಾನೆ. ಯಾವ ಕಾನೂನು ಬಂದು ಅವನ ಹತ್ತಿರ ಕೊಡಿಸುತ್ತದೆ ಹೇಳಿ?

ಲೆಕ್ಕದ_ಪುಸ್ತಕ

ಅದಕ್ಕೂ ದಾರಿ ಯೋಚಿಸಿದ್ದಾರೆ. ಜರ್ಮನಿಯಲ್ಲಿ ಬಾಡಿಗೆ ಬಿಲ್ಲಿನಲ್ಲಿ ಟೋಲನ್ನು ಬೇರೆ ಸಾಲಾಗಿ ತೋರಿಸುವ ರೂಢಿ ಇದೆ. ಬಾಡಿಗೆ ಮೇಲೆ ಚೌಕಾಸಿ ನಡೆಯಲಿ, ಟೋಲ್ ಸಾಲಿನ ಮೇಲೆ ನಡೆಯಬಾರದು ಅನ್ನುವುದು ಅದರ ಅರ್ಥ. ಫ್ರಾನ್ಸ್ ಇನ್ನೂ ಮುಂದೆ ಹೋಗಿ, ತನ್ನ ಪರಿಸರ ಟೋಲ್ ಬರುವ ಮೊದಲೇ, ಸಾಗಣೆ ಬಿಲ್ಲಿಗೆ ಇಷ್ಟು ಪಾಲು ಕಡ್ಡಾಯವಾಗಿ ಸೇರಿಸಲೇಬೇಕು ಅಂತ 2013ರ ಮೇನಲ್ಲಿ ಕಾನೂನನ್ನೇ ಮಾಡಿತು. ಅಂದರೆ ಕಳಿಸುವವನು ಕೊಡುವುದಿಲ್ಲ ಅನ್ನಲು ದಾರಿಯೇ ಇಲ್ಲ.

ಆದರೂ ಫ್ರಾನ್ಸ್‌ನಲ್ಲಿ ಯೋಜನೆ ಬಿದ್ದುಹೋಯಿತು. ಬ್ರಿಟನಿ ಅನ್ನುವ ಪಶ್ಚಿಮ ತುದಿಯ ಪ್ರದೇಶ ಮಾರುಕಟ್ಟೆಗಳಿಂದ ದೂರ, ಅಲ್ಲಿಂದ ಏನು ಹೊರಟರೂ ಕಿಲೋಮೀಟರ್ ಜಾಸ್ತಿ. ಅಲ್ಲಿನ ರಸ್ತೆಗಳಿಗೆ ಟೋಲೇ ಇರಲಿಲ್ಲ. ಅವರಿಗೆ ಅರ್ಧ ದರ ಅಂದರೂ ಜನ ಒಪ್ಪಲಿಲ್ಲ. ರೈತರು, ಮಾಂಸದ ಕಾರ್ಖಾನೆಗಳ ಕಾರ್ಮಿಕರು, ಲಾರಿಯವರು ಎಲ್ಲ ಕೆಂಪು ಟೋಪಿ ಹಾಕಿ ಬೀದಿಗಿಳಿದರು. ಗಾಡಿ ಗುರುತಿಸಲು ರಸ್ತೆ ಮೇಲೆ ನಿಲ್ಲಿಸಿದ್ದ ಕಬ್ಬಿಣದ ಕಮಾನುಗಳನ್ನು ಸುಟ್ಟರು, ಉರುಳಿಸಿದರು. 2013ರ ಅಕ್ಟೋಬರ್‌ನಲ್ಲಿ ಸರ್ಕಾರ ತಡೆಹಿಡಿಯಿತು, 2014ರಲ್ಲಿ ಪೂರ್ತಿ ಕೈಬಿಟ್ಟಿತು. ಟೋಲ್ ವಸೂಲಿಗೆ ಗುತ್ತಿಗೆ ಹಿಡಿದಿದ್ದ ಕಂಪನಿಗೆ ಕೋಟಿಗಟ್ಟಲೆ ಯೂರೋ ಪರಿಹಾರ ಬೇರೆ ಕೊಡಬೇಕಾಯಿತು. ಒಂದು ಪೈಸೆ ವಸೂಲಾಗದ ಟೋಲ್‌ಗೆ ಅಷ್ಟು ದುಡ್ಡು.

ಅಲ್ಲಿ ಹಾಳಾಗಿದ್ದು ಲೆಕ್ಕ ಅಲ್ಲ. ಈ ದುಡ್ಡಿನಿಂದ ನಮ್ಮೂರಿಗೆ ಏನು ಬರುತ್ತದೆ ಅಂತ ಜನಕ್ಕೆ ಕಾಣಲೇ ಇಲ್ಲ. ಸ್ವಿಸ್ ಜನಕ್ಕೆ ಸುರಂಗ ಕಾಣುತ್ತಿತ್ತು.

ಗ್ರೀಸ್_ಕೈ

ನಾನು ಗ್ಯಾರೇಜಿನವನು. ಎಲ್ಲರೂ ಹೊಗೆ ವರ್ಗ ಅಂತ ಮಾತಾಡುತ್ತಿದ್ದೀರಿ. ಕಾಗದದಲ್ಲಿ ಇರುವ ವರ್ಗ ಒಂದು, ಸೈಲೆನ್ಸರ್‌ನಿಂದ ಬರುವುದು ಇನ್ನೊಂದು. ಅದನ್ನು ಹೇಳೋಣ ಅಂತ ಬಂದೆ.

ಹೊಸ ಡೀಸೆಲ್ ಲಾರಿಗಳಲ್ಲಿ ಎರಡು ಮುಖ್ಯ ಸಾಮಾನು ಇರುತ್ತವೆ. ಒಂದು ಮಸಿ ಹಿಡಿಯುವ ಫಿಲ್ಟರ್. ಇನ್ನೊಂದು ಯೂರಿಯಾ ನೀರು ಸಿಂಪಡಿಸಿ ಸಾರಜನಕದ ಆಕ್ಸೈಡನ್ನು ಮುರಿಯುವ ಕ್ಯಾಟಲಿಸ್ಟ್. ಇವೆರಡೂ ಸರಿಯಾಗಿ ಕೆಲಸ ಮಾಡಿದರೆ ವ್ಯತ್ಯಾಸ ದೊಡ್ಡದು. ಯೂರೋ 1ರಲ್ಲಿ ಸಾರಜನಕದ ಆಕ್ಸೈಡ್‌ಗೆ ಎಂಜಿನ್ ಮಾಡುವ ಪ್ರತಿ ಕಿಲೋವ್ಯಾಟ್ ಗಂಟೆ ಕೆಲಸಕ್ಕೆ 8 ಗ್ರಾಂ ಮಿತಿ ಇತ್ತು, ಯೂರೋ 6ರಲ್ಲಿ 0.4 ಗ್ರಾಂ. ಇಪ್ಪತ್ತರಲ್ಲಿ ಒಂದು ಪಾಲು. ಅದಕ್ಕೇ ವರ್ಗ ನೋಡಿ ದರ ಹಾಕುವುದು ಸರಿ ಅಂತಲೇ ನನ್ನ ಅಭಿಪ್ರಾಯ.

ಆದರೆ ಯೂರಿಯಾ ನೀರಿಗೆ ದುಡ್ಡು ಬೇಕು, ನೂರು ಲೀಟರ್ ಡೀಸೆಲ್‌ಗೆ ಐದು ಲೀಟರ್ ಹತ್ತಿರ ಹೋಗುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಗಾಡಿ ಎಳೆಯುವುದಿಲ್ಲ. ಆಗ ಶುರು ಅಡ್ಡದಾರಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಒಂದು ಡಬ್ಬಿ ಬರುತ್ತದೆ. ಅದನ್ನು ವೈರಿಂಗ್‌ಗೆ ಸಿಕ್ಕಿಸಿದರೆ ಸಾಕು, ಯೂರಿಯಾ ಟ್ಯಾಂಕ್ ಖಾಲಿ ಇದ್ದರೂ ಎಲ್ಲ ಸರಿ ಇದೆ ಅಂತ ಎಂಜಿನ್ ಕಂಪ್ಯೂಟರನ್ನು ನಂಬಿಸುತ್ತದೆ. ಯೂರೋಪಿನ ರಸ್ತೆ ತಪಾಸಣೆಯಲ್ಲಿ ಇಂಥವು ಎಷ್ಟೋ ಸಿಕ್ಕಿಬಿದ್ದಿವೆ. ನನ್ನ ಹತ್ತಿರವೂ ಒಂದು ಗಾಡಿ ಬಂದಿತ್ತು, ಕಪ್ಪು ಹೊಗೆ ಅಂತ. ಫಿಲ್ಟರ್ ಡಬ್ಬಿಗೆ ಸ್ಪ್ಯಾನರ್‌ನಿಂದ ತಟ್ಟಿದೆ. ತುಂಬಿದ ಡಬ್ಬಿ ದಪ್ಪ ಸದ್ದು ಮಾಡುತ್ತದೆ. ಇದು ಖಾಲಿ ಡ್ರಮ್ಮಿನ ಹಾಗೆ ಡಣ್ ಅಂದಿತು. ಬಿಚ್ಚಿ ನೋಡಿದರೆ ಒಳಗಿನ ಜೇನುಗೂಡಿನಂಥ ಪಿಂಗಾಣಿಯನ್ನೆಲ್ಲ ಯಾರೋ ಒಡೆದು ತೆಗೆದು, ಮತ್ತೆ ನೀಟಾಗಿ ವೆಲ್ಡ್ ಮಾಡಿದ್ದರು. ಕಾಗದದಲ್ಲಿ ಅದು ಅತ್ಯಂತ ಶುದ್ಧ ವರ್ಗದ ಗಾಡಿ. ಟೋಲ್ ಕಡಿಮೆ ಕಟ್ಟುತ್ತಿತ್ತು, ಹೊಗೆ ಹಳೇ ಗಾಡಿಗಿಂತ ಜಾಸ್ತಿ ಬಿಡುತ್ತಿತ್ತು.

ಹಾಗಾಗಿ ಬರೀ ನೋಂದಣಿ ಪುಸ್ತಕ ನೋಡಿ ದರ ಹಾಕಿದರೆ ಮೋಸ ಮಾಡುವವನಿಗೇ ಬಹುಮಾನ. ಡೆನ್ಮಾರ್ಕ್ ಕಡೆ ಲಾರಿಯ ಹಿಂದೆ ವ್ಯಾನಿನಲ್ಲಿ ಹೋಗಿ, ಓಡುತ್ತಿರುವ ಗಾಡಿಯ ಹೊಗೆಯನ್ನು ಅಲ್ಲೇ ಅಳೆದು ಅನುಮಾನ ಬಂದ ಗಾಡಿಯನ್ನು ನಿಲ್ಲಿಸುತ್ತಾರೆ. ಟೋಲ್ ಹಾಕುವ ಯಾರೇ ಆಗಲಿ ಈ ತಪಾಸಣೆಗೂ ಮೊದಲೇ ದುಡ್ಡು ಎತ್ತಿಡಬೇಕು. ಪ್ರಾಮಾಣಿಕವಾಗಿ ಯೂರಿಯಾ ಹಾಕಿ ಓಡಿಸುವ ಎರಡು_ಲಾರಿ ಅವರಂಥವರಿಗೆ ಇಲ್ಲದಿದ್ದರೆ ಎರಡು ಕಡೆ ನಷ್ಟ.

ಒಳದಾರಿ

ಒಂದು ವಿಷಯ ಯಾರೂ ಹೇಳಲಿಲ್ಲ. ಹೆದ್ದಾರಿಗೆ ಮಾತ್ರ ಟೋಲ್ ಹಾಕಿದರೆ ಲಾರಿಗಳು ನಮ್ಮಂಥ ಊರಿನ ಒಳಗೆ ನುಗ್ಗುತ್ತವೆ. ಶಾಲೆ ಮುಂದೆ, ಸಂತೆ ಮಧ್ಯೆ. ಟೋಲ್ ಗೇಟ್ ತಪ್ಪಿಸಲು ಬರುವ ಗಾಡಿಗಳನ್ನು ದಿನಾ ನೋಡುತ್ತೇನೆ. ಹೊಗೆ ಎಲ್ಲೂ ಹೋಗಲಿಲ್ಲ, ಹೆದ್ದಾರಿ ಪಕ್ಕದವರಿಂದ ನಮ್ಮ ಪಕ್ಕಕ್ಕೆ ಬಂತು ಅಷ್ಟೇ. ಜರ್ಮನಿಯಲ್ಲೂ ಮೊದಲು ಹೀಗೇ ಆಗಿ, 2018ರಲ್ಲಿ ಎಲ್ಲ ಕೇಂದ್ರ ಹೆದ್ದಾರಿಗಳಿಗೂ ಟೋಲ್ ವಿಸ್ತರಿಸಿದರು. ದೇಶ ದೇಶದ ಮಧ್ಯೆಯೂ ಇದೇ ಕಥೆ. ಸ್ವಿಟ್ಜರ್ಲೆಂಡ್ ದುಬಾರಿ ಅಂತ ಎಷ್ಟೋ ಲಾರಿಗಳು ಸುತ್ತು ಹಾಕಿ ಆಸ್ಟ್ರಿಯಾದ ಬ್ರೆನ್ನರ್ ಕಣಿವೆಯಿಂದ ಹೋಗುತ್ತವೆ. ಅಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಜಾಸ್ತಿ ಲಾರಿ. ಆ ಕಣಿವೆಯ ಜನರೂ ಕಿಟಕಿ ಒರೆಸುತ್ತಿದ್ದಾರೆ ತಾನೇ. ಹಾಕಿದರೆ ಎಲ್ಲ ರಸ್ತೆಗೂ ಹಾಕಿ, ಇಲ್ಲದಿದ್ದರೆ ಹಾಕಲೇಬೇಡಿ.

ಹತ್ತು_ಟನ್_ಆಕ್ಸಲ್

ರಸ್ತೆ ಕೆಲಸದ ಎಂಜಿನಿಯರ್ ನಾನು. ಚಿಕ್ಕದಾಗಿ ಹೇಳುತ್ತೇನೆ. ರಸ್ತೆ ಸವೆತ ಬೇರೆ, ಪರಿಸರ ಹಾನಿ ಬೇರೆ, ಎರಡನ್ನೂ ಒಂದೇ ಮೂಟೆಗೆ ಕಟ್ಟಬೇಡಿ.

ಸವೆತವನ್ನು ತೀರ್ಮಾನಿಸುವುದು ಗಾಡಿಯ ಒಟ್ಟು ತೂಕಕ್ಕಿಂತ ಹೆಚ್ಚಾಗಿ ಒಂದೊಂದು ಆಕ್ಸಲ್ ಮೇಲೆ ಬೀಳುವ ಭಾರ. 1958ರಿಂದ 1960ರ ತನಕ ಅಮೆರಿಕದ ಇಲಿನಾಯ್‌ನಲ್ಲಿ ಸೈನಿಕರ ಕೈಯಲ್ಲಿ ಲಾರಿಗಳನ್ನು ಒಂದೇ ಸುತ್ತುರಸ್ತೆಯಲ್ಲಿ ಹಗಲು ರಾತ್ರಿ ಓಡಿಸಿ ಅಳೆದರು. ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತಕ್ಕೆ ಹತ್ತಿರ ಏರುತ್ತದೆ ಅಂತ ಕಂಡಿತು. ಒಂದು ಟನ್ ಆಕ್ಸಲ್‌ಗೆ ಹೋಲಿಸಿದರೆ ಹತ್ತು ಟನ್ ಆಕ್ಸಲ್ ಹತ್ತು ಪಟ್ಟಲ್ಲ, ಸುಮಾರು ಹತ್ತು ಸಾವಿರ ಪಟ್ಟು ಸವೆಸುತ್ತದೆ. ನ್ಯೂಜಿಲೆಂಡ್‌ನಲ್ಲಿ 1978ರಿಂದಲೇ ಡೀಸೆಲ್ ಲಾರಿಗಳಿಗೆ ತೂಕ ಮತ್ತು ದೂರ ನೋಡಿ ರಸ್ತೆ ಶುಲ್ಕ ಇದೆ, ಅದು ರಸ್ತೆ ಖರ್ಚಿನ ಲೆಕ್ಕ, ಹೊಗೆಯದಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಾಳೆ ಎಲೆಕ್ಟ್ರಿಕ್ ಲಾರಿ ಬಂದರೆ ಹೊಗೆ ನಿಲ್ಲುತ್ತದೆ, ಎಂಜಿನ್ ಸದ್ದು ಇಳಿಯುತ್ತದೆ. ಆದರೆ ಬ್ಯಾಟರಿ ಭಾರ ಜಾಸ್ತಿ, ರಸ್ತೆ ಸವೆತ ಹಾಗೇ ಇರುತ್ತದೆ. ಟಯರ್ ಸವೆದ ಪುಡಿಯೂ ಗಾಳಿಗೆ ಸೇರುತ್ತಲೇ ಇರುತ್ತದೆ. ಜರ್ಮನಿ ಈಗ ಅವಕ್ಕೆ ಟೋಲ್ ಬಿಟ್ಟಿದೆ, ಹೊಸ ಗಾಡಿ ಕೊಳ್ಳಲಿ ಅಂತ. ಶುರುವಿಗೆ ಸರಿ. ಯಾವಾಗಲೂ ಬಿಡೋಕೆ ಆಗೋದಿಲ್ಲ. ಇಂಗಾಲದ ಪಾಲು ಸೊನ್ನೆ ಆಗಲಿ, ರಸ್ತೆಯ ಪಾಲು ಅವೂ ಕಟ್ಟಲಿ.

ಕಿಟಕಿ_ಪಕ್ಕದವಳು

ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ನೆನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಇದೆಲ್ಲ ಓದಿ ಹೇಳಿದೆ. ಅವರು ಹೇಳಿದ್ದು ನನಗೆ ಹೊಸದು. ಅವರ ಕಾಲದಲ್ಲಿ ಮಾಲೀಕರು ಟ್ರಿಪ್ಪಿಗೆ ಇಷ್ಟು ಅಂತ ಒಂದೇ ಮೊತ್ತ ಕೈಗೆ ಕೊಡುತ್ತಿದ್ದರಂತೆ. ಟೋಲ್, ಊಟ, ಪಂಚರ್ ಎಲ್ಲ ಅದರಲ್ಲೇ. ಉಳಿದದ್ದು ಅವರ ಬಾಟಾ. ಹೊಸ ಟೋಲ್ ಗೇಟ್ ಬಂದ ಕಡೆ ಮಾಲೀಕರು ಆ ಮೊತ್ತ ಏರಿಸಲೇ ಇಲ್ಲ. "ಗೇಟಿನಲ್ಲಿ ಕೊಟ್ಟದ್ದೆಲ್ಲ ನನ್ನ ಬಾಟಾದಿಂದಲೇ ಹೋಯಿತಮ್ಮಾ, ಅದಕ್ಕೇ ಒಳದಾರಿ ಹಿಡಿಯುತ್ತಿದ್ದೆ" ಅಂದರು. ಒಳದಾರಿ ಅವರೇ, ನಿಮ್ಮ ಊರಿನ ಶಾಲೆ ಮುಂದೆ ನನ್ನ ಚಿಕ್ಕಪ್ಪನ ಗಾಡಿಯೂ ಹೋಗಿರಬಹುದು. ಬೇಜಾರು ಮಾಡಿಕೊಳ್ಳಬೇಡಿ.

ಉಪಗ್ರಹದ ನೆರವಿನಿಂದ ಓಡಿದ ದೂರ ಅಳೆಯುವ ಡಬ್ಬಿಯನ್ನು ಗಾಡಿಯಲ್ಲಿಟ್ಟು, ಕಿಲೋಮೀಟರ್ ಟೋಲ್‌ನ ಬಿಲ್ಲು ನೇರ ಮಾಲೀಕನ ಹೆಸರಿಗೆ ಹೋದರೆ ಡ್ರೈವರ್‌ಗಳಿಗೆ ಈ ಹೊಡೆತ ತಪ್ಪುತ್ತದೆ ಅಲ್ವಾ? ಇನ್ನೊಂದು ಪ್ರಶ್ನೆ. ಇದೆಲ್ಲ ದೊಡ್ಡ ವ್ಯವಸ್ಥೆ. ಅಷ್ಟೊಂದು ಇಲ್ಲದೆ, ಊರಿನ ಬಾಗಿಲಲ್ಲೇ ಒಂದು ಮೊತ್ತ ಅಂತ ಹಾಕಿದರೆ ಆಗೋದಿಲ್ವಾ?

ಲೆಕ್ಕದ_ಪುಸ್ತಕ

ಮೊದಲನೆಯದಕ್ಕೆ, ಹೌದು. ಓಡಿದ ದೂರ ತಾನಾಗಿ ದಾಖಲಾಗಿ ಬಿಲ್ಲು ಮಾಲೀಕನ ಹೆಸರಿಗೆ ಬರುತ್ತದೆ. ಡ್ರೈವರ್ ಕೈಯಲ್ಲಿ ನೋಟು ಹಿಡಿಯುವ ಪ್ರಶ್ನೆಯೇ ಇಲ್ಲ. ನಿಮ್ಮ ಚಿಕ್ಕಪ್ಪ ಹೇಳಿದ್ದು ಎಷ್ಟೋ ವರದಿಗಳಲ್ಲಿ ಇರದ ಮಾತು, ನಾನು ಬರೆದಿಟ್ಟುಕೊಂಡೆ.

ಎರಡನೆಯದಕ್ಕೆ ದೆಹಲಿ ಉದಾಹರಣೆ ಇದೆ. ಸುಪ್ರೀಂ ಕೋರ್ಟ್ 2015ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬರುವ ಸರಕು ಗಾಡಿಗಳಿಗೆ ಪರಿಸರ ಪರಿಹಾರ ಶುಲ್ಕ ಹಾಕಿತು. ಸಣ್ಣವಕ್ಕೆ 700 ರೂಪಾಯಿ, ಮೂರು ಆಕ್ಸಲ್ ಮತ್ತು ಅದಕ್ಕಿಂತ ದೊಡ್ಡವಕ್ಕೆ 1,300. ಅದೇ ಡಿಸೆಂಬರ್‌ನಲ್ಲಿ ಎರಡು ಪಟ್ಟು, 1,400 ಮತ್ತು 2,600. ದೆಹಲಿಯಲ್ಲಿ ಕೆಲಸವೇ ಇಲ್ಲದೆ ಹತ್ತಿರದ ದಾರಿ ಅಂತ ನಗರದ ಮಧ್ಯೆ ಹಾದುಹೋಗುವ ಲಾರಿಗಳನ್ನು ಹೊರಗೆ ತಿರುಗಿಸುವುದು ದೊಡ್ಡ ಉದ್ದೇಶ. ಅದಕ್ಕೆ ಈ ಥರದ್ದು ಆಗುತ್ತದೆ. ಆದರೆ ಅಲ್ಲಿ ನೋಡಿದ್ದು ಗಾಡಿಯ ಗಾತ್ರ. ಒಳಗೆ ಐದು ಕಿಲೋಮೀಟರ್ ಓಡಿದರೂ ಐವತ್ತು ಓಡಿದರೂ ಮೊತ್ತ ಒಂದೇ. ಶುದ್ಧ ಎಂಜಿನ್ ಹಾಕಿಸಿಕೊಂಡವನಿಗೆ ಸಿಗುವುದು ಏನೂ ಇಲ್ಲ. ಶುರು ಮಾಡಲು ಸರಿ, ಅಲ್ಲೇ ನಿಂತರೆ ಗಾಡಿಗಳು ಬದಲಾಗುವುದಿಲ್ಲ.

ಎರಡು_ಲಾರಿ

ಇಷ್ಟೆಲ್ಲ ಓದಿದ ಮೇಲೆ ನಾನು ಟೋಲ್ ಬೇಡವೇ ಬೇಡ ಅನ್ನುವುದಿಲ್ಲ. ನನ್ನ ಷರತ್ತು ಹೇಳುತ್ತೇನೆ. ಬಿಲ್ಲಿನಲ್ಲಿ ಟೋಲ್ ಬೇರೆ ಸಾಲಾಗಿ ಬರಲಿ, ಅದನ್ನು ಲೋಡು ಕೊಡುವವನು ಕಟ್ಟಲಿ, ಕಟ್ಟದಿದ್ದರೆ ಅವನಿಗೆ ದಂಡ. ನಮ್ಮಂಥ ಒಂದೆರಡು ಗಾಡಿಯವರಿಗೆ ಗಾಡಿ ಬದಲಾಯಿಸಲು ಕಡಿಮೆ ಬಡ್ಡಿಯ ಸಾಲ ಇದೇ ಹಣದಿಂದ ಸಿಗಲಿ. ಗೋಡೌನ್ ಗೇಟಿನಲ್ಲಿ ಕಾಯಿಸುವುದಕ್ಕೂ, ಖಾಲಿ ಓಡಿಸುವುದಕ್ಕೂ ಬೆಲೆ ಬಂದರೆ ವಾಪಸ್ ಲೋಡು ಹುಡುಕಿಕೊಡುವ ಕೆಲಸವನ್ನು ಅವರೇ ಮಾಡುತ್ತಾರೆ. ಖಾಲಿ ಓಡಾಟ ನಿಂತರೆ ಅರ್ಧ ಹೊಗೆ ಅಲ್ಲೇ ಕಡಿಮೆ ಆಗುತ್ತದೆ, ಇದು ನನ್ನ ಎರಡು ಗಾಡಿಯ ಮಟ್ಟಿಗೆ ಹೇಳುತ್ತಿರುವುದು.

ಅಕ್ಕಾ, ನಿಮಗೆ ಇನ್ನೊಂದು ಮಾತು. ಸೇತುವೆ ಜಾಯಿಂಟ್ ಹತ್ತಿರದ ಸದ್ದು ಅಂದಿರಲ್ಲ, ಅದರಲ್ಲಿ ಅರ್ಧ ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ (ಎಂಜಿನ್‌ನ ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಹಾಕುವುದರಿಂದ ಬರುವುದು. ಮನೆಗಳಿರುವ ಕಡೆ ವೇಗವನ್ನು ಮೊದಲೇ ಇಳಿಸಿ ಬಂದರೆ ಅದು ಬೇಕಾಗುವುದಿಲ್ಲ. ನಿನ್ನೆ ಸಂಜೆ ನನ್ನ ಇಬ್ಬರು ಡ್ರೈವರ್‌ಗಳಿಗೂ ಹೇಳಿದೆ.

ಗ್ರೀಸ್_ಕೈ

ಎರಡು_ಲಾರಿ ಅವರೇ, ಗಾಡಿ ಬದಲಾಯಿಸುವ ತನಕ ಇಂಜೆಕ್ಟರ್ ನಾಜಲ್ ತೆಗೆಸಿ ಟೆಸ್ಟ್ ಮಾಡಿಸಿ, ಏರ್ ಫಿಲ್ಟರ್ ತಡ ಮಾಡದೆ ಹಾಕಿಸಿ. ಕಪ್ಪು ಹೊಗೆಯಲ್ಲಿ ಬಹಳ ಪಾಲು ಈ ಎರಡರಿಂದಲೇ ಬರುವುದು. ಡೀಸೆಲ್ಲೂ ಉಳಿಯುತ್ತದೆ.

ಕಿಟಕಿ_ಪಕ್ಕದವಳು

ಎರಡು_ಲಾರಿ ಅಣ್ಣ, ನಿಮ್ಮ ಡ್ರೈವರ್‌ಗಳಿಗೆ ನನ್ನ ಅಮ್ಮನ ಕಡೆಯಿಂದ ಧನ್ಯವಾದ ಹೇಳಿ. ನಮ್ಮ ರಸ್ತೆಯಲ್ಲಿ ಅವರು ಓಡಿಸುತ್ತಾರೋ ಇಲ್ಲವೋ ಗೊತ್ತಿಲ್ಲ, ಯಾರದೋ ಅಮ್ಮ ಅಲ್ಲೂ ಮಲಗಿರುತ್ತಾರೆ.

ಹೆದ್ದಾರಿ ಪಕ್ಕದ ಮೂವತ್ತು ಮನೆಯವರು ಸೇರಿ ಒಂದು ಅರ್ಜಿ ಬರೆಯುತ್ತಿದ್ದೇವೆ. ಮೊದಲು "ಲಾರಿ ನಿಲ್ಲಿಸಿ" ಅಂತ ಬರೆದಿದ್ದೆವು. ಆ ಸಾಲು ಹೊಡೆದುಹಾಕಿದೆ. ಈಗ ಕಿಲೋಮೀಟರ್ ಲೆಕ್ಕದ ಟೋಲ್, ಎಲ್ಲ ರಸ್ತೆಗೂ, ಓಡುವ ಗಾಡಿಯ ಹೊಗೆ ತಪಾಸಣೆ, ಬಿಲ್ಲಿನಲ್ಲಿ ಬೇರೆ ಸಾಲು, ಬಂದ ಹಣದಲ್ಲಿ ಒಂದು ಪಾಲು ಸದ್ದು ತಡೆಯುವ ಗೋಡೆಗೆ ಅಂತ ಬರೆದಿದ್ದೇನೆ. ಒಂದು ಕಡೆ ನಿಂತುಹೋಗಿದೆ. ಸೇತುವೆಯ ಜಾಯಿಂಟ್ ರಿಪೇರಿ ಸವೆತದ ಪಾಲಿನಲ್ಲಿ ಬರುತ್ತದಾ, ಸದ್ದಿನ ಪಾಲಿನಲ್ಲಾ? ಹತ್ತು_ಟನ್_ಆಕ್ಸಲ್ ಅವರೇ, ಅದನ್ನೊಂದು ಹೇಳಿಬಿಡಿ, ನಾಳೆ ಟೈಪ್ ಮಾಡಿಸಬೇಕು.

ಹತ್ತು_ಟನ್_ಆಕ್ಸಲ್

ಸವೆತದಲ್ಲಿ ಬರೆಯಿರಿ. ಜಾಯಿಂಟಿನ ರಬ್ಬರ್ ಹೋಗಿರುತ್ತದೆ, ಅದು ನಿರ್ವಹಣೆ ಕೆಲಸ, ಅದಕ್ಕೆ ಹೊಸ ಟೋಲ್ ಬರುವ ತನಕ ಕಾಯಬೇಕಾಗಿಲ್ಲ. ಅದನ್ನೇ ಬೇರೆ ಅರ್ಜಿಯಾಗಿ ಮೊದಲು ಕೊಡಿ.